ಗಾಜು ಹಿಡಿಯುವ ಬೂದು ಬಣ್ಣ

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಉಳಿದಿದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಮಿಕ್ಕವರ ಬಾಯಲ್ಲೆಲ್ಲ ಅವಳು ಬೂದಕ್ಕ. ಬೂದಿ ಬಳಿದುಕೊಂಡ ಸನ್ಯಾಸಿನಿಯೇನಲ್ಲ. ಗಟ್ಟಿ ಸಂಸಾರಸ್ಥೆ, ಗಂಟಲು ಅದಕ್ಕಿಂತ ಗಟ್ಟಿ. ದಿನಕ್ಕೆ ಹತ್ತು ಸಲ ಉತ್ತರದ ಕಿಟಕಿಯ ಹತ್ತಿರ ಹೋಗಿ, ಇಕ್ಕಳದ ತುದಿಯಲ್ಲಿ ಸಣ್ಣದೊಂದು ಲೋಹದ ಬಳೆಯನ್ನು ಹಿಡಿದು, ತಲೆಯನ್ನು ಆಚೆ ಈಚೆ ವಾಲಿಸಿ ನೋಡಿ, "ಬೂದು ಬಂತು, ತೆಗೀರಿ" ಎಂದೋ, "ಇನ್ನೂ ಬಂದಿಲ್ಲ, ಎರಡು ನಿಮಿಷ ಇರಲಿ" ಎಂದೋ ಕೂಗುವುದು ಅವಳ ಕೆಲಸ. ಆ ಕೂಗಿನಿಂದಲೇ ಹೆಸರು ಅಂಟಿತು. ಇಪ್ಪತ್ತೆಂಟು ವರ್ಷ ಅಂಟಿಕೊಂಡೇ ಇತ್ತು.

ಅಲ್ಲಿ ತಯಾರಾಗುತ್ತಿದ್ದದ್ದು ಕೋಟಿನ ಗುಂಡಿಯಷ್ಟು ಅಗಲದ ಬಿಲ್ಲೆಗಳು. ಸುತ್ತ ಒಂದು ಲೋಹದ ಬಳೆ, ನಡುವೆ ಒಂದು ಲೋಹದ ಕಡ್ಡಿ, ಎರಡರ ಸಂದಿಯಲ್ಲಿ ಕರಗಿ ಕೂತ ಗಾಜು. ಕಡ್ಡಿಯ ಮೂಲಕ ಕರೆಂಟು ಒಳಗೆ ಹೋಗಬೇಕು, ಆದರೆ ಅದರ ಪಕ್ಕದಲ್ಲೇ ಗಾಳಿ ನುಸುಳಬಾರದು. ಆಸ್ಪತ್ರೆಯ ಯಂತ್ರಗಳೊಳಗೆ, ಒತ್ತಡ ಅಳೆಯುವ ಉಪಕರಣಗಳೊಳಗೆ ಇಂಥ ಬಿಲ್ಲೆಗಳು ಕೂತಿರುತ್ತವೆ. ಅವು ಇವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಸೋರಿತು ಅಂತಲೇ ಅರ್ಥ.

ಗಂಡನ ಹೊಲಿಗೆ ಅಂಗಡಿ ಇನ್ನೂ ಕಾಲೂರದಿದ್ದ ಕಾಲಕ್ಕೆ, ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳು ಬಿಡಿಭಾಗ ತೊಳೆಯುವ ಕೆಲಸಕ್ಕೆಂದು ಸೇರಿದ್ದಳು. ಆಗ ಕುಲುಮೆ ನೋಡಿಕೊಳ್ಳುತ್ತಿದ್ದ ಹಳೇ ಮೇಸ್ತ್ರಿಯ ಕಣ್ಣು ಅವಳ ಕಣ್ಣಿನ ಮೇಲೆ ಬಿತ್ತು. ತಪ್ಪು ತಿಳಿಯಬೇಡಿ, ಮೇಸ್ತ್ರಿಗೆ ಎಪ್ಪತ್ತಾಗಿತ್ತು. ತೊಳೆದಿಟ್ಟ ಇನ್ನೂರು ಬಳೆಗಳ ಪೈಕಿ ಒಂದರಲ್ಲಿ ಕೂದಲೆಳೆಯಷ್ಟು ಕಲೆ ಇದ್ದರೂ ಈ ಹುಡುಗಿ ದೂರದಿಂದಲೇ ಎತ್ತಿ ಪಕ್ಕಕ್ಕಿಡುತ್ತಾಳೆ ಅನ್ನೋದನ್ನ ಅವರು ಗಮನಿಸಿದ್ದರು. ಕರೆದು ಕುಲುಮೆಯ ಪಕ್ಕ ನಿಲ್ಲಿಸಿಕೊಂಡರು.

"ನೋಡಮ್ಮ, ಗಾಜಿಗೂ ಲೋಹಕ್ಕೂ ಹುಟ್ಟಾ ಆಗಿಬರಲ್ಲ," ಅಂದರು ಮೇಸ್ತ್ರಿ. "ಹೊಳೆಯೋ ಲೋಹದ ಮೇಲೆ ಎಷ್ಟೇ ಗಾಜು ಕರಗಿಸಿ ಸುರಿ, ಆರಿದ ಮೇಲೆ ಬಿಟ್ಟುಕೊಳ್ಳುತ್ತೆ. ಗಾಜು ಅಂಟೋದು ಲೋಹಕ್ಕಲ್ಲ, ಲೋಹದ ತುಕ್ಕಿಗೆ. ಅದಕ್ಕೇ ಮೊದಲು ಬಳೇನ ಬರೀ ಗಾಳಿಯಲ್ಲಿ ಕಾಯಿಸಿ ತೆಳ್ಳಗೆ ತುಕ್ಕು ಹಿಡಿಸಬೇಕು. ಕಡಿಮೆಯಾದ್ರೆ ಗಾಜು ಹಿಡಿಯಲ್ಲ. ಜಾಸ್ತಿಯಾದ್ರೆ ಕರ್ರಗಾಗಿ ಸಿಪ್ಪೆ ಏಳುತ್ತೆ. ಮಧ್ಯದಲ್ಲಿ ಒಂದು ಬೂದು ಇದೆ, ಇಲಿಮರಿ ಬೆನ್ನಿನ ಬಣ್ಣ. ಅದು ಬಂದಾಗ ತೆಗೀಬೇಕು."

ಗಡಿಯಾರ ನೋಡಿ ತೆಗೆಯೋಣ ಅಂದರೆ ಆಗುವುದಿಲ್ಲ. ಲೋಹ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ, ಹಳೇ ಕುಲುಮೆಗೆ ದಿನಕ್ಕೊಂದು ಬುದ್ಧಿ. ಹಾಗಾಗಿ ಒಂದು ಬಳೆಯನ್ನು ಹೊರತೆಗೆದು ಆರಿಸಿ ಕಿಟಕಿಯ ಬೆಳಕಿನಲ್ಲಿ ನೋಡಬೇಕು, ನೋಡಿ ಹೇಳಬೇಕು. ಮೇಸ್ತ್ರಿ ಕೆಲಸ ಬಿಟ್ಟು ಹೋಗುವಾಗ ಸರಿಯಾದ ಬಣ್ಣದ ಒಂದು ಬಳೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಅವಳ ಕೈಗೆ ಕೊಟ್ಟಿದ್ದರು, ಅನುಮಾನ ಬಂದಾಗ ಪಕ್ಕದಲ್ಲಿಟ್ಟು ನೋಡು ಅಂತ. ಮೊದಲ ಹತ್ತು ವರ್ಷ ಅವಳು ದಿನಾ ಡಬ್ಬಿ ತೆಗೆಯುತ್ತಿದ್ದಳು. ಆಮೇಲೆ ಅನುಮಾನ ಬರುವುದೇ ನಿಂತುಹೋಯಿತು. ಅಡುಗೆಯಲ್ಲಿ ಪಳಗಿದವಳು ಉಪ್ಪನ್ನು ಚಮಚದಲ್ಲಿ ಅಳೆಯುತ್ತಾಳೆಯೇ?

ಕಾರ್ಖಾನೆಯ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳಿದ್ದಳು. ತಯಾರಾದ ಬಿಲ್ಲೆಗಳನ್ನು ಒಂದೊಂದಾಗಿ ಮೆಷಿನ್ನಿನ ಬಾಯಿಗೆ ಕೂರಿಸಿ, ಕೆಳಗಿನಿಂದ ಗಾಳಿಯನ್ನೆಲ್ಲ ಎಳೆದು, ಮೇಲಿನಿಂದ ಹೀಲಿಯಂ ಅನಿಲ ಊದಿ, ಅದು ಒಂದು ಚೂರು ಒಳಕ್ಕೆ ನುಸುಳಿದರೂ ಹಿಡಿದುಹಾಕುವುದು ಅವಳ ಕೆಲಸ. ನುಸುಳಿದರೆ ಮೆಷಿನ್ ಕೀರಲು ದನಿಯಲ್ಲಿ ಅರಚುತ್ತಿತ್ತು. ಅವಳು ತಲೆ ಎತ್ತದೆ "ಸೋರ್ತು" ಅನ್ನುತ್ತಿದ್ದಳು. ಅವಳಿಗೆ ಸೋರಮ್ಮ ಅಂತ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಬೂದಕ್ಕನೇ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ವರ್ಷ ಸೇರಿದವರು, ಒಬ್ಬರದು ಮಾಡುವ ಕೆಲಸ, ಇನ್ನೊಬ್ಬರದು ಮಾಡಿದ್ದರಲ್ಲಿ ತೂತು ಹುಡುಕುವ ಕೆಲಸ. ಎಣ್ಣೆ ಸೀಗೆಕಾಯಿ ಅಂದರೆ ಇದೇ. "ನಮ್ಮಲ್ಲಿ ಗಾಜೂ ಲೋಹಾನೂ ಒಂದಾಗುತ್ತೆ, ಆದ್ರೆ ಆ ಎರಡು ಜಡೆ ಸೇರಲ್ಲ" ಅಂತ ಗಂಡಸರು ಚಹಾ ಹೊತ್ತಿನಲ್ಲಿ ನಗುತ್ತಿದ್ದರು. ಆದರೂ ಮಧ್ಯಾಹ್ನ ಊಟಕ್ಕೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಜಗಳ ಅರ್ಧಕ್ಕೆ ನಿಂತಿರುತ್ತಿತ್ತಲ್ಲ, ಮುಗಿಸಬೇಕಲ್ಲ.

ಹೀಗಿರುವಾಗ ಒಂದು ವರ್ಷ ಸೋರುವ ಬಿಲ್ಲೆಗಳು ಹೆಚ್ಚಾಗತೊಡಗಿದವು. ಮೊದಲು ನೂರಕ್ಕೆ ಎರಡೋ ಮೂರೋ ಇದ್ದದ್ದು ಆರಾಯಿತು, ಹನ್ನೊಂದಾಯಿತು, ಇಪ್ಪತ್ತಾಯಿತು. ತೊಳೆಯುವ ನೀರು ಬದಲಿಸಿದರು. ಗಾಜಿನ ಮಣಿಗಳನ್ನು ಬೇರೆ ಕಡೆಯಿಂದ ತರಿಸಿದರು. ಕುಲುಮೆಯ ಇಟ್ಟಿಗೆ ಕಿತ್ತು ಹೊಸದು ಹಾಕಿದರು. ಸೋರುವುದು ಸೋರುತ್ತಲೇ ಇತ್ತು. ದಿನಾ ಮೂವತ್ತು ನಲವತ್ತು ಸಲ "ಸೋರ್ತು, ಸೋರ್ತು" ಅಂತ ಕೇಳಿ ಕೇಳಿ ಬೂದಕ್ಕನ ಕಿವಿ ಕಾದವು. ಒಂದು ದಿನ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಅವಳು ಲೋಟ ಕುಕ್ಕಿ ಇಟ್ಟು ಬಾಯಿ ಬಿಟ್ಟಳು.

"ಇಪ್ಪತ್ತೆಂಟು ವರ್ಷದಿಂದ ನನ್ನ ಕೈಗೆ ಬಾರದ ರೋಗ ಈಗ ಬಂತಾ? ಬಿಲ್ಲೆ ಸೋರ್ತಾ ಇಲ್ಲ, ಇವಳ ಮೆಷಿನ್ ಕೆಟ್ಟಿದೆ. ಇಲ್ಲಾ ಇವಳಿಗೇ ಅದನ್ನ ನಡೆಸೋಕೆ ಬರ್ತಾ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಸೋರಮ್ಮ ಜಗಳಕ್ಕೆ ನಿಲ್ಲದೆ ಲೋಟ ಇಟ್ಟು ತನ್ನ ಕೋಣೆಗೆ ಹೋದಳು. ಅದು ಯಾರೂ ಕಂಡು ಕೇಳಿರದ ವಿಷಯ. ಯಜಮಾನರು ಮೆಷಿನ್ ರಿಪೇರಿಯವನನ್ನು ಕರೆಸಿದರು. ಎರಡು ದಿನ ಅವನು ಮೆಷಿನ್ನಿನ ಹೊಟ್ಟೆ ಬಗೆದ. ಎರಡು ದಿನವೂ ಸೋರಮ್ಮ ತನ್ನ ಜಾಗದಲ್ಲಿ ಬೇರೆಯವನು ಕೂತಿರುವುದನ್ನು ನೋಡುತ್ತ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಮೆಷಿನ್ ಸರಿಯಾಗಿದೆ, ನಡೆಸುವವರ ಕೈಯೂ ಸರಿಯಾಗಿದೆ ಅಂತ ಹೇಳಿ ಅವನು ಹೋದ. ಬೂದಕ್ಕ ಮಾತ್ರ "ಅವನಿಗೇನು ಗೊತ್ತು" ಅಂದಳು. ಮುಂದಿನ ಎರಡು ವಾರ ಸೋರಮ್ಮ ಬೆಂಚಿಗೆ ಬರಲಿಲ್ಲ. ಮುನಿಸಿಕೊಂಡಿದ್ದಾಳೆ, ಕೊಳ್ಳಲಿ ಅಂತ ಬೂದಕ್ಕ ಒಬ್ಬಳೇ ಉಂಡಳು. ಆ ಊಟ ಅವಳಿಗೆ ಸೇರಲಿಲ್ಲ, ಆದರೆ ಒಪ್ಪಿಕೊಳ್ಳುವ ಪೈಕಿ ಅವಳಲ್ಲ.

ಮೂರನೇ ವಾರ ಒಂದು ಮಧ್ಯಾಹ್ನ ಸೋರಮ್ಮ ಬಂದು ತೋಳು ಹಿಡಿದಳು. "ಬಾ ಇಲ್ಲಿ" ಅಂದವಳೇ ಬಿಡಿಭಾಗ ತೊಳೆಯುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕಿಟಕಿಯ ಕಟ್ಟೆಯ ಮೇಲೆ ಬಿಳಿ ಕಾಗದ ಹಾಸಿ, ಅದರ ಮೇಲೆ ಮೂರು ಬಳೆ ಸಾಲಾಗಿ ಇಟ್ಟಿದ್ದಳು.

"ಇದರಲ್ಲಿ ಯಾವುದು ಕಪ್ಪು ಜಾಸ್ತಿ, ಹೇಳು."

ಬೂದಕ್ಕ ಬಗ್ಗಿ ನೋಡಿದಳು. ಕಾಗದವನ್ನು ತಿರುಗಿಸಿ ನೋಡಿದಳು. "ಏನೇ ಇದು ಪರೀಕ್ಷೆ? ಮೂರೂ ಒಂದೇ. ಮೂರೂ ಸರಿಯಾಗೇ ಬಂದಿವೆ."

 ಸೋರಮ್ಮ ಒಂದೊಂದನ್ನೇ ಬೆರಳಿನಿಂದ ತೋರಿಸಿದಳು. "ಇದು ಎಂಟು ವರ್ಷದ ಹಿಂದಿನದು, ನೀನೇ ಮಾಡಿದ್ದು, ನನ್ನ ಡ್ರಾಯರಿನಲ್ಲಿತ್ತು. ಇದು ಹೋದ ವರ್ಷದ್ದು. ಇದು ಇವತ್ತು ಬೆಳಿಗ್ಗೆ ನೀನು ಬೂದು ಬಂತು ಅಂದಿದ್ದು. ಇವತ್ತಿನದು ಇನ್ನೂ ಬೆಳ್ಳಗಿದೆ ಕಣೇ. ಚಮಚದ ಹಾಗೆ ಹೊಳೀತಾ ಇದೆ. ನೀನು ದಿನಾ ಬೇಗ ತೆಗೀತಾ ಇದ್ದೀಯ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ನಿನ್ನ ಕಣ್ಣಿಗೆ ಮಂಜು ಬಂದಿದೆ."

ಬೂದಕ್ಕ ಮತ್ತೊಮ್ಮೆ ಮೂರನ್ನೂ ನೋಡಿದಳು. ಮೂರೂ ಒಂದೇ ಆಗಿ ಕಾಣುತ್ತಿದ್ದವು. ಬೈಯಲು ಬಾಯಿ ತೆರೆದಳು, ಅದರಿಂದ ಅಳು ಬಂತು. ಸೋರಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಅದು ಅವಳಿಗೆ ಬರುವುದೂ ಇಲ್ಲ. ತೊಟ್ಟಿಯ ನಲ್ಲಿ ಬಿಟ್ಟಳು, ಹೊರಗೆ ಸದ್ದು ಕೇಳದಿರಲಿ ಅಂತ.

"ಯಜಮಾನರಿಗೆ ಹೇಳಬೇಡ ಕಣೇ. ಪ್ಯಾಕಿಂಗಿಗೆ ಹಾಕಿಬಿಡ್ತಾರೆ."

"ನಾನು ಹೇಳಲ್ಲ. ನೀನೇ ಹೇಳ್ತೀಯ. ಇವತ್ತೇ, ಸಂಜೆ ಒಳಗೆ."

ಆ ಎರಡು ವಾರ ಸೋರಮ್ಮ ಮುನಿಸಿಕೊಂಡಿರಲಿಲ್ಲ. ಊಟದ ಹೊತ್ತಿನಲ್ಲಿ ದಿನಕ್ಕೊಂದು ಬಳೆಯನ್ನು ಕಿಟಕಿಗೆ ಹಿಡಿದು, ತನ್ನ ಡ್ರಾಯರಿನ ಹಳೇ ಬಳೆಯ ಜೊತೆ ಹೋಲಿಸಿ ಗುರುತು ಹಾಕಿಕೊಳ್ಳುತ್ತಿದ್ದಳು. ತನ್ನನ್ನು ಹತ್ತು ಜನರ ಎದುರು ಹಂಗಿಸಿದವಳ ತಪ್ಪನ್ನು ಹತ್ತು ಜನರ ಎದುರು ಎತ್ತಿ ತೋರಿಸುವ ಅವಕಾಶ ಕೈಗೆ ಸಿಕ್ಕಾಗ ಬಾಗಿಲು ಹಾಕಿಕೊಂಡು ಹೇಳುವವರು ಎಷ್ಟು ಜನ ಸಿಗುತ್ತಾರೆ? ನನಗೆ ಹೆಚ್ಚು ಜನ ಸಿಕ್ಕಿಲ್ಲ. ಬೂದಕ್ಕನಿಗೂ ಅದು ಆ ಕ್ಷಣ ಹೊಳೆಯಲಿಲ್ಲ. ಮನೆಗೆ ನಡೆದು ಹೋಗುವ ದಾರಿಯಲ್ಲಿ ಹೊಳೆಯಿತು, ರಸ್ತೆ ದಾಟುವುದನ್ನು ಮರೆತು ಹಾಗೇ ನಿಂತುಬಿಟ್ಟಳು.

ಯಜಮಾನರು ಕೆಟ್ಟವರಲ್ಲ, ಆದರೆ ಬೆಣ್ಣೆ ಮಾತಿನವರೂ ಅಲ್ಲ. ಎಲ್ಲ ಕೇಳಿ ಹೇಳಿದರು: "ಈ ಬಿಲ್ಲೆ ಯಾರದೋ ಮಂಚದ ಪಕ್ಕದ ಯಂತ್ರಕ್ಕೆ ಹೋಗುತ್ತಮ್ಮ. ಅಲ್ಲಿ ನಾನು ದಾಕ್ಷಿಣ್ಯ ನೋಡೋಕಾಗಲ್ಲ. ಆಪರೇಷನ್ ಮಾಡಿಸ್ಕೊಂಡು ಬಾ, ರಜ ಕೊಡ್ತೀನಿ. ಬಂದ ಮೇಲೆ ಒಂದು ಟ್ರೇ ಮಾಡಿ ತೋರಿಸು. ನಲವತ್ತೆಂಟರಲ್ಲಿ ನಲವತ್ತೇಳು ಸೋರದೆ ನಿಂತರೆ ಕಿಟಕಿ ನಿನ್ನದು. ಇಲ್ಲದಿದ್ರೆ ಪ್ಯಾಕಿಂಗ್."

ಮನೆಯಲ್ಲಿ ಗಂಡ ಸುದ್ದಿ ಕೇಳಿ ಹೊಲಿಗೆ ಮೆಷಿನ್ನಿನ ಚಕ್ರ ನಿಲ್ಲಿಸಿದ. ಅಚ್ಚರಿಪಡಲಿಲ್ಲ. ಅದನ್ನು ನೋಡಿ ಅವಳಿಗೆ ಅನುಮಾನ ಬಂತು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಒಂದು ವರ್ಷದಿಂದ ನೇರಳೆ ದಾರ ಕೊಡೇ ಅಂದ್ರೆ ಕಂದು ಕೊಡ್ತಾ ಇದ್ದೀಯಲ್ಲ," ಅಂದ ಗಂಡ. "ನಾನೇ ಎದ್ದು ಬದಲಾಯಿಸ್ಕೊಳ್ತಾ ಇದ್ದೆ."

"ಬಾಯಿ ಬಿಟ್ಟು ಹೇಳೋಕೆ ಏನು ದಾಡಿಯಾಗಿತ್ತು?"

"ನಿನಗೆ ಹೇಳೋದಾ? ನಾನಿನ್ನೂ ಈ ಮನೇಲಿ ಊಟ ಮಾಡಬೇಕಲ್ಲ!"

ಅವಳು ನಕ್ಕಳು. ಆದರೆ ಆ ಮಾತು ಒಳಗೆಲ್ಲೋ ಚುಚ್ಚಿಕೊಂಡಿತು. ಪ್ರೀತಿಯಿರುವ ಗಂಡ ಹೆದರಿ ಸುಮ್ಮನಿದ್ದ, ಬೈಸಿಕೊಂಡವಳು ಹೆದರದೆ ಹೇಳಿದಳು. ಇಬ್ಬರ ಮೇಲೂ ಅವಳಿಗೆ ಪ್ರೀತಿ ಬಂತು, ತನ್ನ ಗಂಟಲಿನ ಬಗ್ಗೆ ಮಾತ್ರ ನಾಚಿಕೆಯಾಯಿತು.

ಕಣ್ಣಿನ ವೈದ್ಯೆ ಪರೀಕ್ಷೆ ಮಾಡಿ, "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಕುಲುಮೆ ಅಂದಾಗ ತಲೆಯಾಡಿಸಿದರು. ಬೆಂಕಿಯ ಕೆಂಪನ್ನು ವರ್ಷಗಟ್ಟಲೆ ನೋಡುವವರ ಕಣ್ಣಿನ ಪೊರೆ ಬೇಗ ಬೆಳೆಯುತ್ತದಂತೆ, ಅದಕ್ಕೇ ಬಣ್ಣದ ಕನ್ನಡಕ ಕೊಡುತ್ತಾರಂತೆ. ಕಾರ್ಖಾನೆಯಲ್ಲೂ ಕೊಟ್ಟಿದ್ದರು. ಕಿವಿ ಹಿಂದೆ ಒತ್ತುತ್ತದೆ ಅಂತ ಬೂದಕ್ಕ ಅದನ್ನು ಮೊಳೆಗೆ ನೇತುಹಾಕಿ, ಮೊಳೆಯ ಕಣ್ಣನ್ನು ಹದಿನೈದು ವರ್ಷ ಚೆನ್ನಾಗಿ ಕಾಪಾಡಿದ್ದಳು.

ಒಂದು ಕಣ್ಣಿಗೆ ಆಪರೇಷನ್ ಆಯಿತು, ತಿಂಗಳು ಬಿಟ್ಟು ಇನ್ನೊಂದಕ್ಕೂ ಆಯಿತು. ಮೊದಲ ಪಟ್ಟಿ ಬಿಚ್ಚಿದ ದಿನ ಅವಳು ಒಂದು ಅಂಗೈಯಿಂದ ಹಳೇ ಕಣ್ಣು, ಆಮೇಲೆ ಹೊಸ ಕಣ್ಣು, ಹೀಗೆ ಮುಚ್ಚಿ ತೆರೆದು ಮನೆಯೆಲ್ಲ ಸುತ್ತಿದಳು. ಹಳೇ ಕಣ್ಣಿಗೆ ಗೋಡೆ ಚಹಾ ಬಣ್ಣ, ಹೊಸ ಕಣ್ಣಿಗೆ ಸುಣ್ಣದ ಬಿಳಿ. ಗಂಡನ ಅಂಗಿ ಹಳೇ ಕಣ್ಣಿಗೆ ಮಣ್ಣುಬಣ್ಣ, ಹೊಸ ಕಣ್ಣಿಗೆ ತಿಳಿನೀಲಿ. ಅಡುಗೆಮನೆಗೆ ಹೋದವಳು ಒಲೆಯ ಹಿಂದಿನ ಗೋಡೆ ನೋಡಿ ಕಿರುಚಿದಳು.

"ಅಯ್ಯೋ, ಇಷ್ಟು ಜಿಡ್ಡಾಗಿತ್ತಾ! ಇಂಥಾ ಕಡೆ ಅಡುಗೆ ಮಾಡಿ ಬಡಿಸ್ತಾ ಇದ್ನಾ!"

"ಇದಕ್ಕೇ ನಾನು ಆಪರೇಷನ್ನಿಗೆ ಅವಸರ ಮಾಡಲಿಲ್ಲ," ಅಂದ ಗಂಡ. ಅವತ್ತು ಸಂಜೆಯವರೆಗೆ ಇಬ್ಬರೂ ಗೋಡೆ ಉಜ್ಜಿದರು.

ಎರಡೂ ಕಣ್ಣು ವಾಸಿಯಾದ ಮೇಲೆ ಅವಳು ಕಾರ್ಖಾನೆಗೆ ಹೋದಳು. ಬಳೆಗಳನ್ನು ಕುಲುಮೆಗೆ ಇಟ್ಟು, ಹೊತ್ತಾದ ಮೇಲೆ ಒಂದನ್ನು ತೆಗೆದು ಆರಿಸಿ ಕಿಟಕಿಗೆ ಹಿಡಿದಳು. ತಲೆಯನ್ನು ಆಚೆ ಈಚೆ ವಾಲಿಸಿ ನೋಡಿದಳು. ಅದು ಬೂದು ಆಗಿರಲಿಲ್ಲ, ನೀಲಿ ಸೇರಿದ ಏನೋ ಒಂದು ಆಗಿತ್ತು. ಇಷ್ಟು ವರ್ಷ ತಾನು ಬೂದು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬಣ್ಣ ಎಲ್ಲೂ ಇರಲಿಲ್ಲ. ಪೊರೆಯ ಹಿಂದೆ ನಿಂತು ನೋಡಿದ ಬಣ್ಣ ಅದು, ಪೊರೆಯ ಜೊತೆಗೇ ಹೋಗಿಬಿಟ್ಟಿತ್ತು. ಈಗ ಬೇಗ ತೆಗೆದರೂ ಕಷ್ಟ, ತಡವಾದರೂ ಕಷ್ಟ. ಸೋರಮ್ಮನನ್ನು ಕರೆಯೋಣವೆಂದರೆ ಅವಳು ಬೆಳಿಗ್ಗೆಯಿಂದ ತನ್ನ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಸಹಾಯ ಮಾಡಿದಳು ಅಂತ ನಾಳೆ ಯಾರೂ ಅನ್ನಬಾರದಲ್ಲ.

ಆಗ ಬೂದಕ್ಕ ತನ್ನ ಹೆಮ್ಮೆಯನ್ನು ನುಂಗಿಕೊಂಡು, ಹದಿನೆಂಟು ವರ್ಷ ಮುಟ್ಟದಿದ್ದ ಮೇಸ್ತ್ರಿಯ ಡಬ್ಬಿಯನ್ನು ಕಪಾಟಿನಿಂದ ತೆಗೆದಳು. ಮುಚ್ಚಳ ಬಿಗಿದುಕೊಂಡಿತ್ತು. ಸೆರಗಿನಲ್ಲಿ ಹಿಡಿದು ತಿರುಗಿಸಿ, ಒಳಗಿನ ಬಳೆಯನ್ನು ಕಾಗದದ ಮೇಲಿಟ್ಟು, ಪಕ್ಕದಲ್ಲಿ ಹೊಸದನ್ನಿಟ್ಟಳು. ಎರಡಕ್ಕೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. "ಇನ್ನೂ ಬಂದಿಲ್ಲ," ಅಂತ ಕೂಗಿದಳು, "ಮೂರು ನಿಮಿಷ ಇರಲಿ." ಮೂರು ನಿಮಿಷದ ನಂತರ ಇನ್ನೊಂದು ನಿಮಿಷ. ಆಮೇಲೆ ತೆಗೆಸಿದಳು.

ಚಹಾ ಹೊತ್ತಿಗೆ ಎಲ್ಲರೂ ಸೇರಿದಾಗ, ಟ್ರೇ ಇನ್ನೂ ಗಾಜು ಕರಗಿಸುವ ಕುಲುಮೆಯಲ್ಲಿದ್ದಾಗಲೇ, ಅವಳು ನಡುವೆ ನಿಂತು ಹೇಳಿದಳು. ನಾಳೆ ಗೆದ್ದ ಮೇಲೆ ಹೇಳಿದರೆ ಅದು ದೊಡ್ಡಸ್ತಿಕೆಯಾಗುತ್ತದೆ, ಸೋತ ಮೇಲೆ ಹೇಳಿದರೆ ಗೋಳಾಗುತ್ತದೆ ಅಂತ ಅವಳು ಲೆಕ್ಕ ಹಾಕಿದ್ದಳು.

"ಅವತ್ತು ಇಲ್ಲೇ ನಿಂತು ಇವಳಿಗೆ ನೆಲ ಡೊಂಕು ಅಂದಿದ್ದೆ. ಕುಣಿಯೋಕೆ ಬಾರದೆ ಇದ್ದೋಳು ನಾನು. ಇವಳ ಮೆಷಿನ್ನೂ ಸರಿಯಿತ್ತು, ಕೈಯೂ ಸರಿಯಿತ್ತು, ನನ್ನ ಕಣ್ಣು ಹೋಗಿತ್ತು. ಅದನ್ನ ಹುಡುಕಿ ಹೇಳಿದ್ದೂ ಇವಳೇ. ಎಲ್ಲರೂ ಕೇಳಿಸ್ಕೊಳ್ಳಿ."

"ಡಂಗುರ ಸಾರಿದ್ದಾಯ್ತಾ?" ಅಂದಳು ಸೋರಮ್ಮ. "ಚಹಾ ಆರ್ತಾ ಇದೆ." ಅಷ್ಟು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಗಾಜು ನಿಧಾನವಾಗಿ ಆರಬೇಕು, ಅವಸರ ಮಾಡಿದರೆ ಬಿರುಕು. ಹಾಗಾಗಿ ಪರೀಕ್ಷೆ ಮರುದಿನ ಬೆಳಿಗ್ಗೆ. ಯಜಮಾನರೂ ಬಂದು ನಿಂತರು. ಸೋರಮ್ಮ ಕೈಗವಸು ಹಾಕಿಕೊಂಡು ಮೊದಲನೆಯದನ್ನು ಮೆಷಿನ್ನಿಗೆ ಕೂರಿಸಿದಳು. ಹೀಲಿಯಂ ಊದಿದಳು. ಮೆಷಿನ್ ಸುಮ್ಮನಿತ್ತು. ಎರಡನೆಯದು, ಮೂರನೆಯದು, ಹತ್ತನೆಯದು. ಹತ್ತೊಂಬತ್ತನೆಯದಕ್ಕೆ ಮೆಷಿನ್ ಅರಚಿತು.

"ಸೋರ್ತು," ಅಂದಳು ಸೋರಮ್ಮ, ತಲೆ ಎತ್ತದೆ, ಇಪ್ಪತ್ತೆಂಟು ವರ್ಷ ಹೇಳಿದ ಅದೇ ದನಿಯಲ್ಲಿ.

ಇನ್ನು ಇಪ್ಪತ್ತೊಂಬತ್ತು ಬಿಲ್ಲೆಗಳಿದ್ದವು. ಅವುಗಳಲ್ಲಿ ಒಂದೂ ಹೋಗುವ ಹಾಗಿರಲಿಲ್ಲ. ಬೂದಕ್ಕ ಟ್ರೇಯಲ್ಲಿ ಉಳಿದದ್ದನ್ನು ಎಣಿಸಿದಳು. ಆದರೆ ಆ ಎಣಿಕೆಯ ನಡುವೆಯೇ ಅವಳಿಗೆ ಒಂದು ನೆಮ್ಮದಿಯೂ ಆಯಿತು. ಅದು ಎಲ್ಲಿಂದ ಬಂತು ಅಂತ ಆ ಕ್ಷಣ ತಿಳಿಯಲಿಲ್ಲ, ಆಮೇಲೆ ಗಂಡನಿಗೆ ಹೇಳುವಾಗ ತಿಳಿಯಿತು. ಪರೀಕ್ಷೆ ಮುಗಿಸುವ ಗುಂಡಿಯನ್ನು ಸೋರಮ್ಮ ಒಂದಿಷ್ಟು ಬೇಗ ಒತ್ತಿದ್ದರೆ ಆ ಹತ್ತೊಂಬತ್ತನೆಯದು ತಪ್ಪಿಸಿಕೊಳ್ಳುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಒತ್ತಲಿಲ್ಲ. ಅವಳು ಅದನ್ನು ಸೋರಿತು ಅಂದದ್ದರಿಂದಲೇ, ಉಳಿದವು ನಿಂತರೆ ನಿಜವಾಗಿಯೂ ನಿಂತವು ಅಂತ ಯಾರಾದರೂ ನಂಬಬಹುದಾಗಿತ್ತು, ಬೂದಕ್ಕನೂ ಸೇರಿ.

ಮೂವತ್ತು. ಮೂವತ್ತೇಳು. ನಲವತ್ತೈದು. ನಲವತ್ತೇಳನೆಯದನ್ನು ಇಳಿಸಿ ನಲವತ್ತೆಂಟನೆಯದನ್ನು ಸೋರಮ್ಮ ಮೆಷಿನ್ನಿನ ಬಾಯಿಗೆ ಕೂದಲೆಳೆಯಷ್ಟು ಓರೆಯಾಗಿ ಇಟ್ಟಳು. ಬೇರೆ ಯಾರೂ ನೋಡಲಿಲ್ಲ. ಬೂದಕ್ಕನ ಹೊಸ ಕಣ್ಣು ನೋಡಿತು. ಸೋರಮ್ಮ ಒಂದು ಸಲ ಕೈ ಹಿಂದಕ್ಕೆ ತೆಗೆದು, ಉಸಿರು ಬಿಟ್ಟು, ಮತ್ತೆ ಸರಿಯಾಗಿ ಕೂರಿಸಿದಳು. ಮೆಷಿನ್ ಸುಮ್ಮನಿತ್ತು. ಎಷ್ಟು ಹೊತ್ತು ಸುಮ್ಮನಿರಬೇಕೋ ಅಷ್ಟು ಹೊತ್ತೂ ಸುಮ್ಮನಿತ್ತು.

"ಕಿಟಕಿ ನಿನ್ನದಮ್ಮ," ಅಂದರು ಯಜಮಾನರು. ಯಾರೋ ಚಪ್ಪಾಳೆ ತಟ್ಟಿದರು, ಇನ್ಯಾರೋ ಚಹಾಕ್ಕೆ ಹೇಳಿಕಳಿಸಿದರು. ಎಲ್ಲರೂ ಚದುರಿದ ಮೇಲೂ ಬೂದಕ್ಕ ಅಲ್ಲೇ ನಿಂತು ಸೋರಮ್ಮನ ಮುಖ ನೋಡುತ್ತಿದ್ದಳು. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ನೋಡಿ ಎಷ್ಟು ವರ್ಷವಾಗಿತ್ತೋ. ಕಪ್ಪು ಅಂತ ಅವಳು ಅಂದುಕೊಂಡಿದ್ದ ಕೂದಲು ಬೈತಲೆಯ ಎರಡೂ ಕಡೆ ಪೂರ್ತಿ ಬೆಳ್ಳಗಾಗಿತ್ತು. ಬಾಯಿಯ ಎರಡೂ ಪಕ್ಕ ಆಳವಾದ ಗೆರೆಗಳು. ಕಣ್ಣ ಕೆಳಗೆ ಒದ್ದೆ.

"ಯಾವಾಗ ಕಣೇ ನಿನಗೆ ಇಷ್ಟು ವಯಸ್ಸಾಯ್ತು?"

"ನಿನ್ನ ಜೊತೆ ಜಗಳ ಆಡ್ತಾ ಆಡ್ತಾ," ಅಂದಳು ಸೋರಮ್ಮ, ಮುಖ ಆಚೆ ತಿರುಗಿಸಿ.

"ಈ ಕಡೆ ತಿರುಗು," ಅಂದಳು ಬೂದಕ್ಕ. "ನಾನಿನ್ನೂ ನೋಡಿ ಮುಗಿಸಿಲ್ಲ."